ಹಂಸಲೇಖ ಅವರನ್ನು ಎಲ್ಲಿಂದ ಶುರು ಮಾಡಲಿ?

ಈ ಪ್ರಶ್ನೆ ನನಗೆ ಹೆಚ್ಚಾಗಿ ಬರುವುದು 2000ದ ನಂತರ ಹುಟ್ಟಿದವರಿಂದ. ಕಳೆದ ವಾರ ಅಕ್ಕನ ಮಗ ಫೋನ್ ಮಾಡಿ, "ಮಾಮ, ಅವರದ್ದು ನೂರಾರು ಸಿನಿಮಾ ಇದೆಯಲ್ಲ, ಮೊದಲು ಯಾವುದು ಕೇಳಲಿ?" ಅಂದ. ಕೇಳಿದ್ದು ಸರಿಯೇ. ಹಾಡು ಬರೆಯುವುದೂ ಅವರೇ, ರಾಗ ಹಾಕುವುದೂ ಅವರೇ. ಇಷ್ಟೊಂದು ಕ್ಯಾಸೆಟ್ಟಿನ ರಾಶಿ ಎದುರಿಗಿದ್ದರೆ ಯಾರಿಗಾದರೂ ತಲೆ ಕೆಡುತ್ತದೆ.

ಎಲ್ಲರೂ ‘ಪ್ರೇಮಲೋಕ’ ಅನ್ನುತ್ತಾರೆ. ನಾನು ಅನ್ನುವುದಿಲ್ಲ. 1987ರ ಆ ಹಾಡುಗಳು ಮದುವೆ ಮನೆ, ಗಣೇಶನ ಪೆಂಡಾಲು, ಆಟೋ ಅಂತ ಎಲ್ಲ ಕಡೆ ಕಿವಿಗೆ ಬಿದ್ದು ನಿಮಗೆ ಆಗಲೇ ಬಾಯಿಪಾಠ. ಬಾಯಿಪಾಠ ಆದದ್ದನ್ನು ಕಿವಿಗೊಟ್ಟು ಕೇಳುವುದು ಕಷ್ಟ, ಅಲ್ವಾ?

ನನ್ನ ಉತ್ತರ ‘ಮುತ್ತಿನ ಹಾರ’, 1990. ರಾಜೇಂದ್ರ ಸಿಂಗ್ ಬಾಬು ಅವರ ಚಿತ್ರ. ವಿಷ್ಣುವರ್ಧನ್ ಕೊಡಗಿನ ಸೈನಿಕ, ಸುಹಾಸಿನಿ ನರ್ಸ್. ಮೊದಲು ‘ದೇವರು ಹೊಸೆದ ಪ್ರೇಮದ ದಾರ’ ಹಾಕಿ. ಹಾಡಿದವರು ಬಾಲಮುರಳಿಕೃಷ್ಣ. ಧ್ವನಿಗೆ ಮರುಳಾಗುವ ಮೊದಲು ಆ ‘ಹೊಸೆದ’ ಅನ್ನೋ ಪದ ನೋಡಿ. ದೇವರು ಕೊಟ್ಟ ಅನ್ನಬಹುದಿತ್ತು, ಬೆಸೆದ ಅನ್ನಬಹುದಿತ್ತು. ಹೊಸೆಯುವುದು ಅಂದರೆ ದೀಪದ ಬತ್ತಿ ಹೊಸೆಯುವ ಹಾಗೆ, ಎಳೆ ಎಳೆ ಸೇರಿಸಿ ಅಂಗೈಯಲ್ಲಿ ಉಜ್ಜುವುದು. ಆ ಒಂದು ಪದಕ್ಕೆ ದೇವರು ಅಜ್ಜಿಯ ಹಾಗೆ ಕಾಲು ಚಾಚಿ ಜಗಲಿಯಲ್ಲಿ ಕೂತುಬಿಡುತ್ತಾನೆ.

ಆಮೇಲೆ ಅದೇ ಚಿತ್ರದ ‘ಸಾರು ಸಾರು ಮಿಲಿಟರಿ ಸಾರು’. ಇಲ್ಲಿ ಸಾರು ಅಂದರೆ ಸಾರ್. ನನಗಂತೂ ಮಿಲಿಟರಿ ಹೋಟೆಲಿನ ಸಾರಿನ ಘಮವೂ ಬರುತ್ತದೆ. ಈ ಪದದಾಟ ಅವರ ಚಟ. ಕೆಲವು ಚಿತ್ರಗಳಲ್ಲಿ ಜಾಸ್ತಿಯಾಗಿ, ಸುಮ್ನೆ ಪ್ರಾಸಕ್ಕೇ ಸಾಲು ಹುಟ್ಟಿತೇನೋ ಅನಿಸುತ್ತದೆ. ಇಲ್ಲಿ ಹದವಾಗಿದೆ.

ಈಗ ‘ಪ್ರೇಮಲೋಕ’ಕ್ಕೆ ಬನ್ನಿ. ‘ಚೆಲುವೆ ಒಂದು ಕೇಳ್ತೀನಿ’ ಹಾಡಿನಲ್ಲಿ ‘ಕೇಳುತ್ತೇನೆ’ ಇಲ್ಲ, ‘ಕೇಳ್ತೀನಿ’ ಇದೆ. ಕಾಲೇಜು ಹುಡುಗರು ಆಡುವ ಮಾತನ್ನೇ ಎತ್ತಿ ರಾಗದ ಮೇಲೆ ಕೂರಿಸಿದ್ದಾರೆ. ಡ್ರಮ್ಸಿನ ಸದ್ದು ಹಳೆಯದಾಗಿರಬಹುದು, ಆ ಮಾತು ಹಳೆಯದಾಗಿಲ್ಲ. ಕಥೆಯೂ ಹಾಡುಗಳಲ್ಲೇ ಮುಂದೆ ಸಾಗುತ್ತದೆ. ಹಾಗಾಗಿ ಶಫಲ್ ಒತ್ತಬೇಡಿ, ಸಾಲಾಗಿ ಕೇಳಿ.

‘ರಣಧೀರ’, ‘ರಾಮಾಚಾರಿ’ ಎಲ್ಲ ತಾವಾಗಿಯೇ ಸಿಗುತ್ತವೆ, ಅದಕ್ಕೆ ನಾನು ಬೇಕಾಗಿಲ್ಲ. 1995ಕ್ಕೆ ಮಾತ್ರ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಆ ವರ್ಷ ಉಪೇಂದ್ರ ಅವರ ರೌಡಿಗಳ ಕಥೆ ‘ಓಂ’ ಬಂತು. ಅದೇ ವರ್ಷ ಕಣ್ಣು ಕಾಣದ ಗವಾಯಿಯೊಬ್ಬರ ಜೀವನದ ಮೇಲೆ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ಯೂ ಬಂತು. ಹಿಂದೂಸ್ತಾನಿ ಸಂಗೀತದ ಈ ಚಿತ್ರಕ್ಕೆ ಹಂಸಲೇಖ ಅವರಿಗೂ, ಹಾಡಿದ ಎಸ್‌ಪಿಬಿ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಮೊದಲು ‘ಓಂ’ನಲ್ಲಿ ರಾಜ್‌ಕುಮಾರ್ ಹಾಡಿದ ‘ಹೇ ದಿನಕರ’ ಕೇಳಿ. ಅದು ಮುಗಿದ ತಕ್ಷಣ, ನಡುವೆ ಬೇರೇನೂ ಹಾಕದೆ, ಗವಾಯಿಗಳ ಚಿತ್ರದ ‘ಉಮಂಡು ಘುಮಂಡು’ ಕೇಳಿ.