1961–62ರ ಎನ್‌ಬಿಎ, 150 ಕ್ರೆಡಿಟ್, ಐದು ಜನ: ತಂಡ ಇಲ್ಲಿಗೆ ಬಂದಿದೆ

ಶನಿವಾರ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹಳೇ ಆಟಗಾರರನ್ನು ಇಟ್ಟುಕೊಂಡು ಫ್ಯಾಂಟಸಿ ತಂಡ ಕಟ್ಟುವ ಕೆಲಸ ಕೊನೆಗೂ ಶುರುವಾಯಿತು. ‘ಎಲ್ಲ ಕಾಲದ ಐದು ಮಂದಿ’ ಅಂತ ಹೊರಟರೆ ಜೋರ್ಡನ್ನೋ ಲೆಬ್ರಾನೋ ಅನ್ನೋ ಜಗಳದಲ್ಲೇ ಬೆಳಗಾಗುತ್ತದೆ. ಅದಕ್ಕೇ ಒಂದೇ ಸೀಸನ್ ಹಿಡಿದೆ: 1961–62. ಆಗ ಇದ್ದದ್ದು ಒಂಬತ್ತೇ ತಂಡ, ತಂಡಕ್ಕೆ 80 ಪಂದ್ಯ. ಒಬ್ಬೊಬ್ಬರನ್ನೂ ಕೂತು ನೋಡುವಷ್ಟು ಚಿಕ್ಕ ಲೀಗ್. ಇನ್ನೊಂದು ಸುಖ ಏನಂದ್ರೆ, ಈ ಸೀಸನ್‌ಗೋಸ್ಕರ ಬೆಳಗಿನ ಜಾವ ಅಲಾರಂ ಇಟ್ಟು ಏಳಬೇಕಾಗಿಲ್ಲ.

ಆದರೆ ಅಂಕಿಗಳನ್ನು ನೋಡಿದರೆ ತಲೆ ತಿರುಗುತ್ತದೆ. ಫಿಲಡೆಲ್ಫಿಯಾ ವಾರಿಯರ್ಸ್‌ನ ವಿಲ್ಟ್ ಚೇಂಬರ್ಲೇನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಹೊಡೆದ. ಸಿನ್ಸಿನಾಟಿ ರಾಯಲ್ಸ್‌ನ ಆಸ್ಕರ್ ರಾಬರ್ಟ್ಸನ್ ಇಡೀ ಸೀಸನ್‌ಗೆ ಟ್ರಿಪಲ್-ಡಬಲ್ ಸರಾಸರಿ, ಅಂದರೆ ಮೂರು ಲೆಕ್ಕದಲ್ಲೂ ಎರಡಂಕಿ, ಇಟ್ಟ: 30.8 ಅಂಕ, 12.5 ರಿಬೌಂಡ್ (ಬುಟ್ಟಿ ತಪ್ಪಿದ ಚೆಂಡನ್ನು ಹಿಡಿಯೋದು), 11.4 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡುವ ಪಾಸ್). ಇನ್ನೊಬ್ಬ ಅದನ್ನು ಮಾಡಿದ್ದು 2016–17ರಲ್ಲಿ, ರಸೆಲ್ ವೆಸ್ಟ್‌ಬ್ರೂಕ್. ಲಾಸ್ ಏಂಜಲೀಸ್ ಲೇಕರ್ಸ್‌ನ ಎಲ್ಜಿನ್ ಬೇಲರ್ 38.3 ಅಂಕ. ಶಿಕಾಗೋ ಪ್ಯಾಕರ್ಸ್ ಅನ್ನೋ ಹೊಚ್ಚ ಹೊಸ ತಂಡದಲ್ಲಿ ವಾಲ್ಟ್ ಬೆಲಮಿ ಅನ್ನೋ ಹೊಸ ಹುಡುಗ 31.6. ಅಷ್ಟು ಹೊಡೆದರೂ ಆ ತಂಡ ಗೆದ್ದದ್ದು 18, ಸೋತದ್ದು 62. ಪಾಪ.

ನಿಯಮ ಸರಳ. ಬುಟ್ಟಿಯ ಹತ್ತಿರ ಆಡುವ ಒಬ್ಬ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಫಾರ್ವರ್ಡ್, ಹೊರಗಿನಿಂದ ಚೆಂಡು ನಡೆಸುವ ಇಬ್ಬರು ಗಾರ್ಡ್. ಫ್ಯಾಂಟಸಿ ಕ್ರಿಕೆಟ್‌ನಲ್ಲಿ ಇರುವ ಹಾಗೆ ಪ್ರತಿ ಆಟಗಾರನಿಗೂ ಒಂದು ಬೆಲೆ, ಒಟ್ಟು ಖರ್ಚಿಗೆ ಒಂದು ಮಿತಿ. ದುಡ್ಡುಗಿಡ್ಡು ಏನಿಲ್ಲ, ಒಂದು ಶೀಟ್, ವಾದ ಮಾಡೋಕೆ ಒಬ್ಬ ಗೆಳೆಯ, ಅಷ್ಟೇ.

ಭಾನುವಾರ

ಇವತ್ತು ಪೂರ್ತಿ ಲೆಕ್ಕದ ಸೂತ್ರಕ್ಕೇ ಹೋಯಿತು. ಈಗಿನ ಫ್ಯಾಂಟಸಿ ಲೀಗ್‌ಗಳ ಸೂತ್ರ ಇಲ್ಲಿ ನಡೆಯೋದೇ ಇಲ್ಲ. ಬ್ಲಾಕ್ (ಎದುರಾಳಿಯ ಶಾಟ್ ತಡೆಯೋದು) ಮತ್ತು ಸ್ಟೀಲ್ (ಚೆಂಡು ಕಸಿಯೋದು) ಬರೆದಿಡಲು ಶುರು ಮಾಡಿದ್ದು 1973–74ರಲ್ಲಿ. ಟರ್ನೋವರ್ (ಚೆಂಡು ಕಳೆದುಕೊಳ್ಳೋದು) ಇನ್ನೂ ಆಮೇಲೆ, 1977–78. ಮೂರು ಅಂಕದ ಗೆರೆ ಬಂದದ್ದು 1979–80. ಹಾಗಾಗಿ ಕೈಗೆ ಸಿಗೋದು ಅಂಕ, ರಿಬೌಂಡ್, ಅಸಿಸ್ಟ್. ಜೊತೆಗೆ ಎಷ್ಟು ಹೊಡೆದ, ಎಷ್ಟು ಬಿತ್ತು ಅನ್ನೋ ಲೆಕ್ಕ.

ರಿಬೌಂಡ್ ನೋಡಿ ಬೆರಗಾಗುವ ಮೊದಲು ಒಂದು ವಿಷಯ ಗಮನಿಸಬೇಕು. ಆ ವರ್ಷ ಒಂದು ತಂಡ ಪಂದ್ಯಕ್ಕೆ ಸರಾಸರಿ 107ಕ್ಕೂ ಹೆಚ್ಚು ಶಾಟ್ ಎಸೆಯುತ್ತಿತ್ತು. ಬೀಳುತ್ತಿದ್ದದ್ದು 42.6 ಶೇಕಡಾ. ಈಗ ಎಸೆಯುವುದು 90ರ ಆಸುಪಾಸು, ಬೀಳುವುದು 47ರ ಹತ್ತಿರ. ಅಂದರೆ ಆಗ ಬುಟ್ಟಿ ತಪ್ಪಿ ಹೊರಗೆ ಚಿಮ್ಮುವ ಚೆಂಡೇ ಜಾಸ್ತಿ. ತಂಡಕ್ಕೆ ಪಂದ್ಯಕ್ಕೆ ಸುಮಾರು 71 ರಿಬೌಂಡ್ ಸಿಗುತ್ತಿದ್ದವು, ಈಗ ಸುಮಾರು 44. ಈ ಲೆಕ್ಕಕ್ಕೆ ಇಳಿಸಿದರೆ ವಿಲ್ಟ್‌ನ 25.7 ರಿಬೌಂಡ್ 16ರ ಹತ್ತಿರ ಬರುತ್ತದೆ, ಆಸ್ಕರ್‌ನ 12.5 ಎಂಟಕ್ಕಿಂತ ಕೆಳಗೆ.

ಇದನ್ನು ಹೇಳಿ ‘ನೋಡು, ಟ್ರಿಪಲ್-ಡಬಲ್ ಸುಳ್ಳು’ ಅನ್ನೋರು ಬಹಳ ಜನ ಇದ್ದಾರೆ. ಅವರು ಅರ್ಧ ಲೆಕ್ಕ ಮಾಡಿ ನಿಲ್ಲಿಸುತ್ತಾರೆ. ಅಸಿಸ್ಟ್ ಕಡೆ ನೋಡಿ. ಆಗ ತಂಡಕ್ಕೆ ಪಂದ್ಯಕ್ಕೆ 24ರ ಆಸುಪಾಸು, ಈಗ 26ರ ಮೇಲೆ. ಅಸಿಸ್ಟ್ ಅಂತ ಬರೆದುಕೊಳ್ಳುವಾಗ ಆಗಿನ ಸ್ಕೋರ್ ಬರೆಯುವವರ ಕೈ ಬಿಗಿ. ಹಾಗಾಗಿ ಆಸ್ಕರ್‌ನ 11.4 ಅಸಿಸ್ಟ್ ಈಗಿನ ಲೆಕ್ಕದಲ್ಲಿ 12 ದಾಟುತ್ತದೆ. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆ ಏರುತ್ತದೆ.

ಎಲ್ಲ ಸೇರಿಸಿ ಸೂತ್ರ ಹೀಗೆ ನಿಂತಿತು: ಅಂಕಕ್ಕೆ 1, ರಿಬೌಂಡ್‌ಗೆ 0.75, ಅಸಿಸ್ಟ್‌ಗೆ 1.6. ವಿಲ್ಟ್ 73.5, ಬೇಲರ್ 59.6, ಆಸ್ಕರ್ 58.4. ಸೇಂಟ್ ಲೂಯಿಸ್ ಹಾಕ್ಸ್‌ನ ಬಾಬ್ ಪೆಟಿಟ್ 51, ಬೆಲಮಿ 50.2, ಲೇಕರ್ಸ್‌ನ ಜೆರ್ರಿ ವೆಸ್ಟ್ 45.4, ನ್ಯೂಯಾರ್ಕ್ ನಿಕ್ಸ್‌ನ ರಿಚಿ ಗೆರಿನ್ 45.3. ಇವರೆಲ್ಲರ ಕೆಳಗೆ, 43.8ಕ್ಕೆ, ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್.

ಅವನೇ ಆ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತಿ ಮೌಲ್ಯಯುತ ಆಟಗಾರ! ಆಗ ಎಂವಿಪಿಗೆ ಮತ ಹಾಕುತ್ತಿದ್ದವರು ಆಟಗಾರರೇ. ಪ್ರತಿ ವಾರ ಅವನ ಮೈಗೆ ಮೈ ತಾಗಿಸಿ ಆಡಿದವರು. ವಿಲ್ಟ್ ಎರಡನೆಯವ, ಆಸ್ಕರ್ ಮೂರನೆಯವ. ಅದೇ ವರ್ಷ ಪತ್ರಕರ್ತರು ಆರಿಸಿದ ಆಲ್-ಎನ್‌ಬಿಎ ಮೊದಲ ತಂಡದಲ್ಲಿ (ಇಡೀ ಲೀಗ್‌ನಿಂದ ಆರಿಸಿದ ವರ್ಷದ ಅತ್ಯುತ್ತಮ ಐವರು) ಮಾತ್ರ ಸೆಂಟರ್ ವಿಲ್ಟ್. ಎಂವಿಪಿ ಎರಡನೇ ತಂಡಕ್ಕೆ. ಆಡುವವರು ಒಂದು ಹೇಳುತ್ತಾರೆ, ನೋಡುವವರು ಇನ್ನೊಂದು. ನನ್ನ ಶೀಟು ನೋಡುವವರ ಪಕ್ಷ ಅಂತಾಯ್ತು.

ವಾರದ ನಡುವೆ, ಆಫೀಸು ಮುಗಿಸಿ

ಬೆಲೆ ಹೇಗೆ ಕಟ್ಟೋದು? ಸೂತ್ರದ ಅಂಕಿಯನ್ನೇ ಬೆಲೆ ಮಾಡಿದರೆ ಆಟವೇ ಇಲ್ಲ. ಎಷ್ಟು ಖರ್ಚೋ ಅಷ್ಟೇ ಫಲ. ಬೆಲೆ ಬೇರೆ ಕಡೆಯಿಂದ ಬರಬೇಕು. ಪೇಪರಿನ ತಲೆಬರಹಕ್ಕೆ ಹೋಗುವುದು ಅಂಕ ಮಾತ್ರ ಅಲ್ವಾ? ಹಾಗಾಗಿ ಸರಾಸರಿ ಅಂಕವೇ ಬೆಲೆ ಅಂದುಕೊಂಡೆ. ವಿಲ್ಟ್ ಬೇಕಾದರೆ 50.4 ಕ್ರೆಡಿಟ್ ಕೊಡಿ. ರಸೆಲ್‌ಗೆ 18.9 ಸಾಕು.

ಆ ವರ್ಷದ ಮೊದಲ ತಂಡ ವಿಲ್ಟ್, ಬೇಲರ್, ಪೆಟಿಟ್, ಆಸ್ಕರ್, ವೆಸ್ಟ್. ಅವರನ್ನು ಹಾಗೇ ಕೊಳ್ಳಲು 181.4 ಬೇಕು. ಮಿತಿಯನ್ನು 150ಕ್ಕೆ ಇಟ್ಟೆ. ಈಗ ಯಾರನ್ನಾದರೂ ಬಿಡಲೇಬೇಕು.

ಮೊದಲು ವಿಲ್ಟ್‌ನಿಂದ ಶುರು. ವಿಲ್ಟ್, ಬೇಲರ್, ಆಸ್ಕರ್ ಮೂವರಿಗೇ 119.5 ಹೋಗುತ್ತದೆ. ಉಳಿದ 30.5ರಲ್ಲಿ ಒಬ್ಬ ಗಾರ್ಡ್, ಒಬ್ಬ ಫಾರ್ವರ್ಡ್. ಇಲ್ಲಿ ಗೈ ರಾಜರ್ಸ್ ಸಿಗುತ್ತಾನೆ: ಅಂಕ 8 ಚಿಲ್ಲರೆ, ಅಸಿಸ್ಟ್ 8ರ ಹತ್ತಿರ. ವಿಲ್ಟ್‌ನ ತಂಡದವನೇ. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಶಿ ಊರಿನಲ್ಲಿ ನಿಕ್ಸ್ ವಿರುದ್ಧ ವಿಲ್ಟ್ 100 ಅಂಕ ಹೊಡೆದಾಗ 20 ಅಸಿಸ್ಟ್ ಕೊಟ್ಟವನು ಇವನು. ಆ ಪಂದ್ಯದ ಸ್ಕೋರ್‌ಶೀಟ್ ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ವಿಲ್ಟ್ 63 ಸಲ ಎಸೆದು 36 ಹಾಕಿದ. ಅದಕ್ಕಿಂತ ವಿಚಿತ್ರ ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬರದ ಎಸೆತ: 32ರಲ್ಲಿ 28. ವೃತ್ತಿಜೀವನದ ಒಟ್ಟು ಲೆಕ್ಕದಲ್ಲಿ ಅರ್ಧದಷ್ಟನ್ನು ತಪ್ಪಿಸಿದವನು ಇವನೇನಾ ಅನ್ನಿಸುತ್ತದೆ. ಆ ಸೀಸನ್ನಿನಲ್ಲಿ ಅವನು ಎರಡೂ ಕೈಯಿಂದ ಮೊಣಕಾಲಿನ ಮಟ್ಟದಿಂದ ಮೇಲಕ್ಕೆ ತೂರುತ್ತಿದ್ದ. ಅಜ್ಜಿ ಶಾಟ್ ಅಂತ ಜನ ನಗುತ್ತಿದ್ದರು. ಅವನ ಫ್ರೀ ಥ್ರೋ ಶೇಕಡಾ ಅತ್ಯುತ್ತಮವಾಗಿದ್ದದ್ದು ಅದೇ ಸೀಸನ್ನಿನಲ್ಲಿ, 61ರ ಮೇಲೆ. ಆಮೇಲೆ ಅದನ್ನು ಬಿಟ್ಟುಬಿಟ್ಟ. ಟಿವಿಯಲ್ಲಿ ಆ ಪಂದ್ಯ ಬರಲಿಲ್ಲ; ಕೊನೆಯ ಕ್ವಾರ್ಟರ್‌ನ ರೇಡಿಯೋ ಕಾಮೆಂಟರಿ ಮಾತ್ರ ಉಳಿದಿದೆ.

ಇರಲಿ. ಫಾರ್ವರ್ಡ್ ಜಾಗಕ್ಕೆ ಬಾಸ್ಟನ್‌ನ ಟಾಮ್ ಹೈನ್ಸನ್, 22.1. ಒಟ್ಟು ಖರ್ಚು 149.8, ತಂಡದ ಮೊತ್ತ 250ರ ಆಸುಪಾಸು. ಬೆಲಮಿಯನ್ನು ಸೆಂಟರ್ ಮಾಡಿ, ಆಸ್ಕರ್, ಬೇಲರ್, ಪೆಟಿಟ್ ಜೊತೆ ಬಾಸ್ಟನ್‌ನ ಗಾರ್ಡ್ ಬಾಬ್ ಕೂಸಿಯನ್ನು ಹಾಕಿದರೂ ಮೊತ್ತ 250ರ ಹತ್ತಿರವೇ ಬರುತ್ತದೆ.

ಈಗ ರಸೆಲ್. ಅವನ 18.9, ಬೇಲರ್ 38.3, ಪೆಟಿಟ್ 31.1, ಆಸ್ಕರ್ 30.8. ಉಳಿದದ್ದು 30.9. ವೆಸ್ಟ್‌ನ ಬೆಲೆ 30.8! ಒಟ್ಟು 149.9. ಪತ್ರಕರ್ತರ ಮೊದಲ ತಂಡದಲ್ಲಿ ವಿಲ್ಟ್ ಒಬ್ಬನನ್ನು ತೆಗೆದು ರಸೆಲ್‌ನನ್ನು ಕೂರಿಸಿದರೆ ಮಿತಿಯೊಳಗೆ ಸರಿಯಾಗಿ ಕೂರುತ್ತದೆ. ಮೊತ್ತ 258.2. ಅಂದರೆ ರಸೆಲ್‌ನ ಬ್ಲಾಕ್, ಡಿಫೆನ್ಸ್ ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆಯೇ ಅವನ ತಂಡ ಮುಂದೆ. ಮೂವತ್ತೊಂದೂವರೆ ಕ್ರೆಡಿಟ್ ಉಳಿಸಿಕೊಟ್ಟ, ಅದರಲ್ಲಿ ಉಳಿದ ನಾಲ್ಕೂ ಜಾಗಕ್ಕೆ ಆ ಕಾಲದ ಅತ್ಯುತ್ತಮರು ಬಂದರು.

ಗೆಳೆಯನಿಗೆ ಕಳಿಸಿದೆ. ತಕ್ಷಣ ಉತ್ತರ: “ಲೋ, ಪಂದ್ಯಕ್ಕೆ ಐವತ್ತು ಹೊಡೆಯೋನನ್ನ ಹೊರಗೆ ಕೂರಿಸ್ತೀಯಾ? ನೀನು ಸೆಲೆಕ್ಟರ್ ಆಗ್ಬೇಕಿತ್ತು ಕಣೋ.”

“ಬಜೆಟ್ ಕಣಪ್ಪಾ,” ಅಂದೆ.

“ಬಜೆಟ್ ಮಾಡಿದ್ದೂ ನೀನೇ ತಾನೇ?”

ಅದು ನಿಜ. ಆದರೆ ಆ ವರ್ಷ ಬಾಸ್ಟನ್ 60 ಪಂದ್ಯ ಗೆದ್ದಿತು, ಎನ್‌ಬಿಎಯಲ್ಲಿ ಅಲ್ಲಿಯವರೆಗೆ ಯಾರೂ ಮುಟ್ಟದ ಸಂಖ್ಯೆ. ವಿಲ್ಟ್‌ನ ವಾರಿಯರ್ಸ್ 49. ಆ ಬಜೆಟ್ ನಾನು ಮಾಡಿದ್ದಲ್ಲ.

ಮುಂದಿನ ಶನಿವಾರ

ಬೇಲರ್ ವಿಷಯ ತಲೆ ತಿಂದಿತು. 38.3 ಅನ್ನೋದು 48 ಪಂದ್ಯಗಳ ಸರಾಸರಿ, 80ರದ್ದಲ್ಲ. 1961ರ ಬರ್ಲಿನ್ ಬಿಕ್ಕಟ್ಟಿನಲ್ಲಿ ಅಮೆರಿಕ ತನ್ನ ಮೀಸಲು ಸೈನಿಕರನ್ನು ಕರೆಸಿತು. ಬೇಲರ್ ವಾಷಿಂಗ್ಟನ್ ರಾಜ್ಯದ ಫೋರ್ಟ್ ಲೂಯಿಸ್‌ನಲ್ಲಿ ಡ್ಯೂಟಿ ಮಾಡಿಕೊಂಡು, ವಾರದ ಕೊನೆಗೆ ಪಾಸ್ ಸಿಕ್ಕಾಗ ಬಂದು ಆಡುತ್ತಿದ್ದ. ತಂಡದ ಜೊತೆ ಪ್ರಾಕ್ಟೀಸ್ ಮಾಡೋಕೆ ಸಮಯ ಎಲ್ಲಿ? ಇಳಿದ ಮೇಲೆ ಮಾತ್ರ 38 ಅಂಕ, 18.6 ರಿಬೌಂಡ್. ಅವನ ಎತ್ತರ ಆರು ಅಡಿ ಐದು ಇಂಚು ಅನ್ನೋದು ನೆನಪಿರಲಿ. ಹಾಕ್ಸ್‌ನ ಲೆನ್ನಿ ವಿಲ್ಕನ್ಸ್‌ದೂ ಇದೇ ಕಥೆ, ಸೇನೆಯ ಕಾರಣಕ್ಕೆ ಆ ವರ್ಷ ಆಡಿದ್ದು 20 ಪಂದ್ಯ.

ಇಡೀ ಸೀಸನ್ ಲೆಕ್ಕ ಹಿಡಿದರೆ ಬೇಲರ್‌ನ 59.6 ಹೆಚ್ಚೂಕಡಿಮೆ 36ಕ್ಕೆ ಬೀಳುತ್ತದೆ. ಆಗ ನಿಕ್ಸ್‌ನ ವಿಲ್ಲಿ ನಾಲ್ಸ್ ಸಾಕು, ಬೆಲೆ ಬರೀ 25. ವಿಲ್ಟ್ ಕಡೆ ನೋಡಿದರೆ ಅವನು ಕೂತದ್ದೇ ಇಲ್ಲ. ಪಂದ್ಯ 48 ನಿಮಿಷದ್ದು, ಅವನ ಸರಾಸರಿ 48.5 ನಿಮಿಷ, ಸ್ಕೋರ್ ಸಮ ಆದಾಗ ಆಡಿಸುವ ಓವರ್‌ಟೈಮ್ ಸೇರಿ. ಹೊರಗಿದ್ದದ್ದು ಒಂದೇ ಪಂದ್ಯದ ಕೊನೆಯ ಎಂಟು ಚಿಲ್ಲರೆ ನಿಮಿಷ, ಅದೂ ರೆಫರಿ ಹೊರಗೆ ಕಳಿಸಿದ್ದಕ್ಕೆ.

ಹಾಗಾದರೆ ನನ್ನ ತಂಡ ಆಡೋದು ಏನನ್ನು? 80 ಪಂದ್ಯದ ಸೀಸನ್ನೋ, ಏಳು ಪಂದ್ಯದ ಸರಣಿಯೋ? ಸರಣಿ ಅಂತ ತೀರ್ಮಾನಿಸಿದೆ. ಪ್ಲೇಆಫ್ ಹೊತ್ತಿಗೆ ಬೇಲರ್ ಬಂದಿದ್ದ. ಏಪ್ರಿಲ್ 14ರಂದು ಬಾಸ್ಟನ್ ಗಾರ್ಡನ್‌ನಲ್ಲಿ, ಫೈನಲ್‌ನ ಐದನೇ ಪಂದ್ಯದಲ್ಲಿ, 61 ಅಂಕ ಹೊಡೆದ. ಅವನು ಉಳಿದುಕೊಂಡ.

ಭಾನುವಾರ

ಆ ಫೈನಲ್‌ನ ಏಳನೇ ಪಂದ್ಯದ ವರದಿಗಳನ್ನು ಓದಿದೆ. ರಸೆಲ್‌ಗೆ ಬರೀ ಅಗ್ಗ ಅನ್ನೋ ಕಾರಣಕ್ಕೆ ಜಾಗ ಕೊಟ್ಟ ಹಾಗೆ ಆಗಬಾರದು ಅಂತ.

ಏಪ್ರಿಲ್ 18, 1962. ಸ್ಕೋರ್ 100–100, ಉಳಿದಿರುವುದು ಕೆಲವೇ ಸೆಕೆಂಡ್. ಚೆಂಡು ಲೇಕರ್ಸ್ ಕೈಯಲ್ಲಿ. ಬೇಲರ್‌ಗೂ ವೆಸ್ಟ್‌ಗೂ ಕಾವಲು ಇದೆ. ಎಡಗಡೆ ಬೇಸ್‌ಲೈನ್ ಹತ್ತಿರ ಫ್ರಾಂಕ್ ಸೆಲ್ವಿಗೆ ಚೆಂಡು ಸಿಗುತ್ತದೆ. ಕಾಲೇಜು ದಿನಗಳಲ್ಲಿ, 1954ರಲ್ಲಿ, ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದಿದ್ದ ಸೆಲ್ವಿ ಇವನೇ. ಎದುರಿಗೆ ಕೂಸಿ ಓಡಿ ಬರುತ್ತಾನೆ. ಸೆಲ್ವಿ ಎಸೆಯುತ್ತಾನೆ. ಚೆಂಡು ರಿಮ್ಮಿಗೆ ಬಡಿದು ಹೊರಗೆ. ಹಿಡಿದದ್ದು ರಸೆಲ್. ಓವರ್‌ಟೈಮ್‌ನಲ್ಲಿ ಬಾಸ್ಟನ್ 110–107. ಆ ರಾತ್ರಿ ರಸೆಲ್ 30 ಅಂಕ, 40 ರಿಬೌಂಡ್.

ಬೇಲರ್ ಆ ಪಂದ್ಯದಲ್ಲಿ 41 ಹೊಡೆದ, ವೆಸ್ಟ್ 35. ಸೋತರು. ನನ್ನ ತಂಡದಲ್ಲಿ ಈ ಮೂವರೂ ಒಂದೇ ಬಣ್ಣದ ಜೆರ್ಸಿಯಲ್ಲಿ ಇದ್ದಾರೆ. ಫ್ಯಾಂಟಸಿ ಅನ್ನೋದು ಇನ್ಯಾಕೆ ಇರೋದು!

ರಸೆಲ್‌ನ ಬ್ಲಾಕ್ ಬಗ್ಗೆ ಆ ಕಾಲದವರೆಲ್ಲ ಹೇಳುವುದು ಒಂದೇ. ಬೇರೆಯವರು ಚೆಂಡನ್ನು ಪ್ರೇಕ್ಷಕರ ಮಧ್ಯಕ್ಕೆ ಬಾರಿಸುತ್ತಿದ್ದರು. ಅವನು ಮೆಲ್ಲಗೆ ತಟ್ಟಿ ಅಂಗಳದೊಳಗೇ ಉಳಿಸುತ್ತಿದ್ದ, ಅಲ್ಲಿಂದಲೇ ಬಾಸ್ಟನ್‌ನ ಫಾಸ್ಟ್ ಬ್ರೇಕ್ (ಎದುರಾಳಿ ಸಜ್ಜಾಗುವ ಮೊದಲೇ ನುಗ್ಗುವ ದಾಳಿ) ಓಡುತ್ತಿತ್ತು. ಕ್ರಿಕೆಟ್‌ನಲ್ಲಿ ಪಾಯಿಂಟ್‌ನಲ್ಲಿ ನಿಂತವನು ಉಳಿಸಿದ ರನ್ ಸ್ಕೋರ್‌ಕಾರ್ಡ್‌ನಲ್ಲಿ ಎಲ್ಲೂ ಬರೋದಿಲ್ಲವಲ್ಲ, ಹಾಗೆ. ಅಂದಾಜಿನ ಬ್ಲಾಕ್ ಸಂಖ್ಯೆ ಹಾಕು ಅಂತ ಗೆಳೆಯನೇ ಸಲಹೆ ಕೊಟ್ಟ. ಹಾಕಲಿಲ್ಲ. ಬರೆದಿಡದ ಅಂಕಿಯನ್ನು ನಾನು ಸೃಷ್ಟಿಸಿದರೆ ಶೀಟಿಗೂ ಹರಟೆಗೂ ವ್ಯತ್ಯಾಸ ಏನು ಉಳಿಯಿತು?

ಇವತ್ತು

ಬೆಂಚ್ ಬೇಗ ಮುಗಿಯಿತು. ಮೂವರಿಗೆ 40 ಕ್ರೆಡಿಟ್. ಬಾಸ್ಟನ್‌ನ ಸ್ಯಾಮ್ ಜೋನ್ಸ್, 18.4. ಬೋರ್ಡಿಗೆ ಬಡಿದು ಒಳಗೆ ಹಾಕುವ ಶಾಟ್‌ನಲ್ಲಿ ಅವನನ್ನು ಮೀರಿಸಿದವರಿಲ್ಲ. ಅದೇ ವರ್ಷ ವಾರಿಯರ್ಸ್ ವಿರುದ್ಧದ ಪ್ಲೇಆಫ್ ಸರಣಿಯ ಏಳನೇ ಪಂದ್ಯವನ್ನು ಕೊನೇ ಕ್ಷಣದ ಶಾಟ್‌ನಿಂದ 109–107ಕ್ಕೆ ಗೆಲ್ಲಿಸಿದವನೂ ಅವನೇ. ಡಿಫೆನ್ಸ್‌ಗೆ ಸ್ಯಾಚ್ ಸ್ಯಾಂಡರ್ಸ್, 11 ಚಿಲ್ಲರೆ. ಪಾಸ್ ಕೊಡಲು ನಮ್ಮ ಗೈ ರಾಜರ್ಸ್.

ಎದುರಾಳಿ ತಂಡ ಗೆಳೆಯನದು. ನಾನು ತೆಗೆದುಕೊಂಡವರು ಅವನಿಗಿಲ್ಲ. ವಿಲ್ಟ್, ಗೆರಿನ್, ಕೂಸಿ, ನಾಲ್ಸ್, ಹಾಕ್ಸ್‌ನ ಕ್ಲಿಫ್ ಹೇಗನ್ ಅಂತ ಪಟ್ಟಿ ಕಳಿಸಿದ್ದಾನೆ, 143.5 ಕ್ರೆಡಿಟ್. ವಿಲ್ಟ್ ಸಿಕ್ಕ ಖುಷಿಯಲ್ಲಿ ಉಳಿದದ್ದನ್ನು ಖರ್ಚೂ ಮಾಡಿಲ್ಲ. ಸರಣಿ ಆಡಿಸಲು ಶೀಟಿನಲ್ಲೇ ಒಂದು ಲೆಕ್ಕ ಬರೆಯುತ್ತಿದ್ದೇನೆ: ಶಾಟ್ ಶೇಕಡಾ, ಫ್ರೀ ಥ್ರೋ ಶೇಕಡಾ, ಮೇಲೊಂದು ಯಾದೃಚ್ಛಿಕ ಸಂಖ್ಯೆ. ಬುಟ್ಟಿಯ ಮುಂದೆ ದಾಳಿ ಮಾಡುವವರು ಹೆಚ್ಚು ಹೊತ್ತು ನಿಲ್ಲಬಾರದ ಪಟ್ಟಿ, ಅಂದರೆ ಲೇನ್, ಅದರ ಅಗಲ ಆ ಕಾಲದಲ್ಲಿದ್ದಂತೆ 12 ಅಡಿಯೇ. ಅದನ್ನು 16 ಮಾಡಿದ್ದು 1964–65ರಲ್ಲಿ, ವಿಲ್ಟ್‌ನಂಥವರು ಬುಟ್ಟಿಯ ಬುಡದಲ್ಲೇ ನಿಲ್ಲದಿರಲಿ ಅಂತ.

ಉಳಿದಿರುವ ಕಗ್ಗಂಟು ರಸೆಲ್ ಎದುರು ವಿಲ್ಟ್‌ಗೆ ಎಷ್ಟು ಕೊಡೋದು ಅನ್ನೋದು. ಆ ವರ್ಷದ ಪ್ಲೇಆಫ್‌ನಲ್ಲಿ ವಿಲ್ಟ್‌ನ ಸರಾಸರಿ 35ಕ್ಕೆ ಇಳಿದಿತ್ತು. ಅದನ್ನೇ ಹಿಡಿಯೋಣ ಅಂದೆ. ಗೆಳೆಯ 42 ಅಂತ ಹಟ ಹಿಡಿದಿದ್ದಾನೆ. ಸೀಸನ್ನಿನಲ್ಲಿ ಇಬ್ಬರೂ ಎದುರಾದ ಪಂದ್ಯಗಳನ್ನು ಒಂದೊಂದಾಗಿ ಶೀಟಿಗೆ ಏರಿಸುತ್ತಿದ್ದೇನೆ. ಅದು ಮುಗಿದ ಮೇಲೆ ಮೊದಲ ಪಂದ್ಯ.