ಕಕ್ಕಡದ ಮಳೆಯಲ್ಲಿ ಅಚ್ಚಿನ ಜಾಡು: ಮೂರನೇ ವಾರ

ಕೊಡವರ ಕಕ್ಕಡ ತಿಂಗಳು, ವಿರಾಜಪೇಟೆಯಲ್ಲಿ ಮಳೆ ಬಿಡುವ ಲಕ್ಷಣವಿಲ್ಲ. ತೋಟಕ್ಕೆ ಇಳಿಯುವ ಹಾಗಿಲ್ಲ, ಕರೆಂಟೂ ಅಷ್ಟಕ್ಕಷ್ಟೆ. ಅಪ್ಪನ ಅಂಗಡಿಯ ಗಲ್ಲಾದಲ್ಲಿ ಉಳಿದಿದ್ದ ಚಿಲ್ಲರೆಯ ಬಿಸ್ಕೆಟ್ ಡಬ್ಬಿ ಅಂತೂ ಮೇಜಿಗೆ ಬಂದು ಮೂರು ವಾರವಾಯಿತು. ಹುಡುಕುತ್ತಿರುವುದು, ನಾಣ್ಯ ಒತ್ತುವ ಅಚ್ಚು ಕೆಟ್ಟಾಗ ನಾಣ್ಯದ ಮೇಲೆ ಉಳಿಯುವ ಗುರುತು.

ಮೊದಲ ವಾರ ಶುಚಿ ಮಾಡುವುದರಲ್ಲೇ ಹೋಯಿತು. ಎರಡನೇ ವಾರ 1995ರ ಒಂದು ರೂಪಾಯಿ ಸಿಕ್ಕಿತು, ವರ್ಷದ ಕೆಳಗೆ ಹೈದರಾಬಾದ್ ಟಂಕಸಾಲೆಯ ನಕ್ಷತ್ರ. ಲೂಪಿನಡಿ (ಭೂತಗನ್ನಡಿ) ಇಟ್ಟರೆ, 1 ಅಂಕಿಯ ಪಕ್ಕದ ಚಿತ್ರವಿಲ್ಲದ ಬಯಲಲ್ಲಿ ಹಿಂಬದಿಯ ಸಿಂಹಗಳ ಅಂಚಿನಂಥ ತೆಳು ಗೆರೆ! ಇದು ಕ್ಲಾಶ್. ಪ್ರೆಸ್‌ಗೆ ಒತ್ತಬೇಕಾದ ಖಾಲಿ ಬಿಲ್ಲೆ ಬೀಳದೆ ಹೋದ ಒಂದೇ ಏಟಿಗೆ ಮೇಲಿನ ಅಚ್ಚೂ ಕೆಳಗಿನ ಅಚ್ಚೂ ನೇರ ಗುದ್ದಿಕೊಂಡು, ಒಂದರ ಚಿತ್ರ ಇನ್ನೊಂದರ ಮೈಗೆ ಹತ್ತುತ್ತದೆ. ಆಮೇಲೆ ಆ ಅಚ್ಚಿನಿಂದ ಬಿದ್ದ ಪ್ರತಿ ನಾಣ್ಯಕ್ಕೂ ಅದೇ ಕಲೆ.

ಇಲ್ಲಿ ನನ್ನ ಪೆದ್ದುತನವನ್ನೂ ಬರೆದಿಡಬೇಕು. ಹೋದ ವರ್ಷ ಸಂತೆಯಲ್ಲಿ ಒಬ್ಬನ ಹತ್ತಿರ 200 ರೂಪಾಯಿ ಕೊಟ್ಟು 'ಅಪರೂಪದ ಎರರ್ ಕಾಯಿನ್' ತಂದಿದ್ದೆ. ಅದರಲ್ಲೂ ತಿರುಗುಮುರುಗಾದ ಅಕ್ಷರಗಳಿದ್ದವು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟಾಗ ಗುಟ್ಟು ಗೊತ್ತಾಯಿತು. ನಾಣ್ಯದಲ್ಲಿ ಉಬ್ಬಿರುವುದು ಅಚ್ಚಿನಲ್ಲಿ ಹಳ್ಳ. ಅಚ್ಚುಗಳು ಗುದ್ದಿಕೊಂಡಾಗ ಹಳ್ಳಕ್ಕೆ ಏಟು ತಾಗುವುದಿಲ್ಲ, ಸಮತಟ್ಟು ಭಾಗಕ್ಕೆ ಮಾತ್ರ ತಾಗುತ್ತದೆ. ಹಾಗಾಗಿ ಅಸಲಿ ಕ್ಲಾಶ್ ಬಯಲಲ್ಲೇ ನಿಲ್ಲುತ್ತದೆ, ಚಿತ್ರದ ಮೇಲೆ ಹತ್ತುವುದಿಲ್ಲ. ನನ್ನ 200 ರೂಪಾಯಿಯ ಮಾಲಿನಲ್ಲಿ ಅಕ್ಷರ ಸಿಂಹದ ಎದೆ ಮೇಲೇ ಕೂತಿದೆ, ಮೂತಿ ಚಪ್ಪಟೆ. ಎರಡು ನಾಣ್ಯ ಸೇರಿಸಿ ವೈಸ್‌ಗೆ (ಕಬ್ಬಿಣದ ಇಕ್ಕಳ) ಕೊಟ್ಟು ಒತ್ತಿದ ಕೆಲಸ.

ಈ ವಾರ ಅದೇ ವರ್ಷ, ಅದೇ ನಕ್ಷತ್ರದ ಇನ್ನೆರಡು ಸಿಕ್ಕವು. ಎರಡನೆಯದರಲ್ಲಿ ಕ್ಲಾಶ್ ಗೆರೆ ಅದೇ ಜಾಗದಲ್ಲಿದೆ, ಆದರೆ ಮಸುಕು. ಸುತ್ತ ಕೂದಲೆಳೆಯ ಉಬ್ಬುಗೆರೆಗಳು. ಟಂಕಸಾಲೆಯಲ್ಲಿ ಯಾರೋ ಅಚ್ಚನ್ನು ಉಜ್ಜಿ ಕಲೆ ತೆಗೆಯಲು ನೋಡಿದ್ದಾರೆ. ಉಜ್ಜಿದಷ್ಟೂ ಬಯಲು ತಗ್ಗುತ್ತದೆ, ಆಳ ಕಡಿಮೆ ಇದ್ದ ಚಿತ್ರ ಮೊದಲು ಮಾಯವಾಗುತ್ತದೆ. 1937ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆಯ ಐದು ಸೆಂಟಿನ ಕಾಡೆಮ್ಮೆ ಒಂದು ಕಾಲು ಕಳೆದುಕೊಂಡಿದ್ದು ಹೀಗೇ. ನಮ್ಮದರಲ್ಲಿ ಸವೆದಿರುವುದು ತೆನೆಯ ಮೀಸೆ. ಜೊತೆಗೆ ಅಂಚಿನಿಂದ ತೆನೆಯವರೆಗೆ ಅಚ್ಚಿನ ಒಂದು ಬಿರುಕಿನ ಗುರುತು, ಉಗುರಿಗೆ ಉಬ್ಬಾಗಿ ಸಿಗುತ್ತದೆ. ಗೀರಾಗಿದ್ದರೆ ತಗ್ಗಿರಬೇಕಿತ್ತು.

ಮೂರನೆಯದರಲ್ಲಿ ಅದೇ ಬಿರುಕಿನ ಬುಡದಲ್ಲಿ ಅಚ್ಚಿನ ಅಂಚೇ ಮುರಿದು ಹೋಗಿ, ಖಾಲಿ ಜಾಗಕ್ಕೆ ಲೋಹ ನುಗ್ಗಿ ಗುಬುಟು ಕಟ್ಟಿದೆ. ಇದಕ್ಕೆ ಕಡ್ ಅನ್ನುತ್ತಾರೆ. ತಿರುಗಿಸಿದರೆ ಅದರ ನೇರ ಹಿಂದೆ ಅಕ್ಷರ ಅರ್ಧ ಬಿದ್ದಿದೆ, ಲೋಹವೆಲ್ಲ ಈ ಕಡೆ ಹರಿದಿದೆಯಲ್ಲ. ತೂಕ 4.85 ಗ್ರಾಂ, ಸರಿಯಾಗಿದೆ. ಇದು ಸ್ಟೇನ್‌ಲೆಸ್ ಸ್ಟೀಲ್; ಹಳೆಯ ತಾಮ್ರ-ನಿಕ್ಕಲ್ಲಿಗಿಂತ ಗಡುಸು. ಮೊದಲೇ ಗುದ್ದು ತಿಂದ ಅಚ್ಚಿಗೆ ಅಷ್ಟು ಸಾಕು.

ಫೋಟೊ ತೆಗೆಯುವುದು ಬಾಕಿ. ಕಕ್ಕಡ ಹದಿನೆಂಟರ ಮದ್ದು ಸೊಪ್ಪಿನ ಪಾಯಸದ ನೇರಳೆ ಬಣ್ಣ ಇನ್ನೂ ಬೆರಳಲ್ಲಿದೆ. ಬಿರುಕಿಗೂ ಕಡ್‌ಗೂ ನಡುವಿನ ಹಂತದ ನಾಣ್ಯವೊಂದು ಬೇಕು. ಡಬ್ಬಿಯ ತಳದಲ್ಲಿ ಇನ್ನೂ ಎರಡು ಹಿಡಿ ಇದೆ.