ಹಸಿರು ಬಿಡಿ, ಕಾಲು ಬಿಡಬೇಡಿ

ನಮ್ಮೂರು ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಹತ್ತಿರ. ತುಂಗಭದ್ರಾ ಹೊಳೆಯ ಏಡಿ ಮನೆಗೆ ಬಂದರೆ ಅವ್ವ ಅದರ ಸಣ್ಣ ಕಾಲನ್ನೂ ಎಸೆಯುತ್ತಿರಲಿಲ್ಲ. ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನೇ ಸಾರಿಗೆ ಹಾಕುತ್ತಿದ್ದಳು.

ಈಗ ನಾನಿರುವುದು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ನಮಗೆ ಗಂಗಾವತಿ ಅಕ್ಕಿ ಹೇಗೋ ಇವರಿಗೆ ಲಾಬ್‌ಸ್ಟರ್ ಹಾಗೆ. ಏಡಿಯ ಹಾಗೆ ಇಕ್ಕಳ, ಸೀಗಡಿಯ ಹಾಗೆ ಉದ್ದ ಬಾಲ ಇರುವ ಕಡಲ ಜೀವಿ ಅದು. ಆದರೆ ಹೊರಗಿನಿಂದ ಬಂದವರು ಬಾಲ, ಎರಡು ಇಕ್ಕಳ ಕೈ ತಿಂದು ಉಳಿದದ್ದನ್ನು ಬಿಟ್ಟು ಏಳುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲ ಸಲ ಮನೆಯಲ್ಲಿ ಬೇಯಿಸಿದಾಗ ಅವ್ವನಿಗೆ ವಿಡಿಯೋ ಕಾಲ್ ಮಾಡಿದ್ದೆ.

"ಇದೇನಪ್ಪಾ, ಕೆಂಪು ಚೇಳಿನಂಗ ಐತಲ್ಲ?"

"ಹಸಿ ಇದ್ದಾಗ ಕಪ್ಪು ಇತ್ತವ್ವಾ, ಬೆಂದ ಮ್ಯಾಲೆ ಹಿಂಗಾತು."

ಆ ಕೆಂಪು ಬಣ್ಣ ಚಿಪ್ಪಿನಲ್ಲಿ ಮೊದಲೇ ಇರುತ್ತದೆ. ಒಂದು ಪ್ರೋಟೀನು ಅದನ್ನು ಹಿಡಿದಿಟ್ಟಿರುತ್ತದೆ, ಬಿಸಿಗೆ ಅದು ಬಿಟ್ಟುಕೊಡುತ್ತದೆ ಅಷ್ಟೇ.

ಬಾಲದ ಮಾಂಸವೇ ಎಲ್ಲಕ್ಕಿಂತ ಜಾಸ್ತಿ. ಅದರ ಬೆನ್ನಿನುದ್ದಕ್ಕೂ ಹೋಗುವ ಕಪ್ಪು ಕರುಳನ್ನು ಸೀಗಡಿಯಲ್ಲಿ ತೆಗೆದ ಹಾಗೆ ಎಳೆದು ಬಿಸಾಕಿ. ಇಕ್ಕಳ ಕೈಯೊಳಗೆ ತೆಳುವಾದ ಗಟ್ಟಿ ಬಿಲ್ಲೆಯೊಂದು ಇರುತ್ತದೆ, ಮಕ್ಕಳಿಗೆ ಕೊಡುವ ಮುಂಚೆ ತೆಗೆಯಿರಿ. ಕೈ ಮತ್ತು ಮೈ ಸೇರುವ ಗೆಣ್ಣುಗಳ ಮಾಂಸ ಸ್ವಲ್ಪವೇ, ಆದರೆ ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಸಿಹಿ.

ಇನ್ನು ಎಂಟು ಸಣ್ಣ ಕಾಲು. ಪಕ್ಕದ ಮನೆಯ ಅಜ್ಜಿ ಕಲಿಸಿಕೊಟ್ಟರು. ಕಾಲು ಮುರಿದು ಮಣೆಯ ಮೇಲಿಡಿ. ಚೂಪು ತುದಿಯಿಂದ ಮುರಿದ ಕಡೆಗೆ ಲಟ್ಟಣಿಗೆ ಉರುಳಿಸಿ. ಮಾಂಸ ಬಿಳಿ ಶ್ಯಾವಿಗೆ ಎಳೆಯ ಹಾಗೆ ಇಡಿಯಾಗಿ ಹೊರಗೆ ಬರುತ್ತದೆ! ಊರಿಂದ ತಂದ ಚಪಾತಿ ಲಟ್ಟಣಿಗೆಯಲ್ಲೇ ಮಾಡಿದೆ. ಅವ್ವ ಆ ಕಡೆಯಿಂದ "ಅಯ್ಯ, ಇನ್ನೊಮ್ಮೆ ತೋರಸಪ್ಪ" ಅಂದಳು.

ತಲೆಯ ಕಡೆ ಎಚ್ಚರ ಇರಲಿ. ಕಣ್ಣಿನ ಹಿಂದಿನ ಸಣ್ಣ ಚೀಲ ಅದರ ಜಠರ, ತೆಗೆದುಹಾಕಿ. ಕಾಲುಗಳ ಬುಡದಲ್ಲಿರುವ ಪುಕ್ಕದಂಥ ಕಿವಿರನ್ನೂ ಬಿಡಿ. ಇದು ನನಗೆ ಹೊಸದಲ್ಲ, ಏಡಿಯಲ್ಲೂ ಅವ್ವ ಮೊದಲು ಕಿತ್ತು ಎಸೆಯುತ್ತಿದ್ದದ್ದು ಅದನ್ನೇ.

ನಾವಿಬ್ಬರೂ ಒಪ್ಪದೇ ಇದ್ದದ್ದು ಮೈಯೊಳಗಿನ ಮೆತ್ತನೆಯ ಹಸಿರು ಭಾಗಕ್ಕೆ.

"ಅದ್ಯಾಕ ತೆಗದಿ? ರುಚಿ ಎಲ್ಲಾ ಅದರಾಗ ಇರ್ತೈತಿ."

ರುಚಿ ನಿಜ. ಇಲ್ಲಿನ ಹಳಬರು ಅದನ್ನು ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ. ಆದರೆ ಅದು ಲಾಬ್‌ಸ್ಟರಿನ ಪಿತ್ತಜನಕಾಂಗದಂಥ ಅಂಗ. ಕಡಲಿನ ಪಾಚಿಯ ವಿಷ ಚಿಪ್ಪುಜೀವಿಗಳ ಮೂಲಕ ಲಾಬ್‌ಸ್ಟರಿಗೆ ಬಂದು ಅಲ್ಲೇ ಸೇರಿಕೊಳ್ಳಬಹುದು, ಬೇಯಿಸಿದರೂ ಹೋಗುವುದಿಲ್ಲ. 2008ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) ಈ ಹಸಿರನ್ನು ತಿನ್ನಬೇಡಿ ಅಂತ ಎಚ್ಚರಿಸಿತ್ತು. ಬಿಳಿ ಮಾಂಸಕ್ಕೆ ಆ ಭಯ ಇಲ್ಲ ಅಂತಲೂ ಹೇಳಿತ್ತು. ನಾನಂತೂ ತಿನ್ನುವುದಿಲ್ಲ. ಮಾಂಸದ ಮೇಲೆ ಅಲ್ಲಲ್ಲಿ ಕಾಣುವ ಬಿಳಿ ನೊರೆ ಮಾತ್ರ ಹೆಪ್ಪುಗಟ್ಟಿದ ರಕ್ತ, ಅದಕ್ಕೆ ಹೆದರಬೇಡಿ.

ಹೆಣ್ಣಾದರೆ ಒಳಗೆ ಮೊಟ್ಟೆ ಸಿಗಬಹುದು. ಬೆಂದಾಗ ಹವಳದ ಕೆಂಪು. ಕಪ್ಪಾಗಿ ಅಂಟಂಟಾಗಿದ್ದರೆ ಇನ್ನೂ ಬೆಂದಿಲ್ಲ, ಮತ್ತೆ ಕುದಿಸಿ. ಹೊಟ್ಟೆಯ ಹೊರಗೆ ಮೊಟ್ಟೆ ಹೊತ್ತ ಹೆಣ್ಣನ್ನು ಮಾತ್ರ ಇಲ್ಲಿ ಯಾರೂ ಇಟ್ಟುಕೊಳ್ಳುವಂತಿಲ್ಲ. ಬಾಲಕ್ಕೊಂದು ಗುರುತು ಕತ್ತರಿಸಿ ನೀರಿಗೆ ಬಿಡುತ್ತಾರೆ. ಈ ಕಾನೂನು ನನಗೆ ತುಂಬಾ ಹಿಡಿಸಿತು.

ಖಾಲಿ ಚಿಪ್ಪನ್ನು ಕುದಿಸಿ, ಸೋಸಿ, ಅವ್ವ ಕಳಿಸಿದ ಮಸಾಲೆ ಖಾರ ಹಾಕಿ ಸಾರು ಮಾಡಿದೆ. ರೊಟ್ಟಿ ಮುರಿದು ಅದ್ದಿಕೊಂಡು ತಿಂದೆ.

ಬರುವ ಜುಲೈಗೆ ಅವ್ವ ಬರುತ್ತಾಳೆ. ಬಾಲದಡಿಯ ಮೊದಲ ಜೋಡಿ ಪುಟ್ಟ ಕಾಲು ಮೆತ್ತಗಿದ್ದರೆ ಹೆಣ್ಣು, ಗಟ್ಟಿ ಇದ್ದರೆ ಗಂಡು. ಅಂಗಡಿಯಲ್ಲಿ ಮುಟ್ಟಿ ನೋಡಿ ಹೆಣ್ಣನ್ನೇ ತರಬೇಕು. ಮೊಟ್ಟೆ ಅಂದ್ರೆ ಅವ್ವನಿಗೆ ಜೀವ.